ದಾವಣಗೆರೆಗೆ ಕೆಲಸದ ಮೇಲೆ ಬಂದವರಿಗೆ: ಉಳಿದ ಅರ್ಧ ದಿನ ಕೋಟೆಗೋ, ಪುಷ್ಕರಣಿಗೋ, ಹರಿಹರಕ್ಕೋ?

ದಾವಣಗೆರೆಗೆ ಬರುವವರಲ್ಲಿ ಊರು ನೋಡಲೆಂದೇ ಬರುವವರು ಕಡಿಮೆ. ಬ್ಯಾಂಕಿನ ಆಡಿಟ್‌ಗೆ, ಕಾಲೇಜಿನ ಪ್ರಾಕ್ಟಿಕಲ್ ಪರೀಕ್ಷೆಗೆ, ಎಪಿಎಂಸಿಯಲ್ಲಿ ಮೆಕ್ಕೆಜೋಳದ ವ್ಯವಹಾರಕ್ಕೆ, ಆಸ್ಪತ್ರೆಗೆ ಯಂತ್ರ ಕೂರಿಸಿಕೊಡುವುದಕ್ಕೆ ಬರುತ್ತಾರೆ. ಕೆಲಸ ಮಧ್ಯಾಹ್ನಕ್ಕೇ ಮುಗಿದಿರುತ್ತದೆ, ವಾಪಸ್ ರೈಲು ರಾತ್ರಿಗೋ ಮರುದಿನಕ್ಕೋ ಇರುತ್ತದೆ. ಬೆಣ್ಣೆ ದೋಸೆ ತಿಂದಾಯಿತು, ಇನ್ನೇನಿದೆ ಇಲ್ಲಿ ಎಂದು ಲಾಡ್ಜಿನಲ್ಲಿ ಟಿವಿ ಹಾಕಿಕೊಂಡು ಕೂರುತ್ತಾರೆ. ಹಾಗೆ ಕೂತವರನ್ನು ಕಂಡರೆ ಈ ಊರಿನವನಾದ ನನಗೆ ಸಂಕಟವಾಗುತ್ತದೆ. ಇಲ್ಲಿಂದ ಒಂದೂಕಾಲು ಗಂಟೆಯ ದಾರಿಯೊಳಗೆ ಹೊಯ್ಸಳರ ಗುಡಿಯಿದೆ, ಪಾಳೆಯಗಾರರ ಕೊಳವಿದೆ, ನಾಯಕರ ಕೋಟೆಯಿದೆ, ಕದಂಬರ ಕಾಲದ ಬಂಡೆ ಶಾಸನವಿದೆ. ಒಂದೇ ಸಂಜೆಗೆ ಎಲ್ಲವೂ ಆಗುವುದಿಲ್ಲ. ಯಾವುದನ್ನು ಆರಿಸಿಕೊಳ್ಳಬೇಕು ಎಂಬುದಷ್ಟೇ ಪ್ರಶ್ನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಬಂದವರೆಲ್ಲ ‘ಎಷ್ಟು ಕಿಲೋಮೀಟರ್’ ಎಂದು ಕೇಳುತ್ತಾರೆ. ಅದಕ್ಕಿಂತ ಮುಖ್ಯವಾದದ್ದು ನಿಮಗೆ ಬಿಡುವು ಸಿಗುವ ಹೊತ್ತು. ಚಿತ್ರದುರ್ಗದ ಕೋಟೆಗೆ ಬೆಳಗ್ಗೆಯೇ ಹೋಗಬೇಕು, ಹರಿಹರಕ್ಕೆ ಸಂಜೆಯಾದರೆ ಚೆನ್ನ, ಪುಷ್ಕರಣಿಯಿರುವ ಸಂತೇಬೆನ್ನೂರಿಗೆ ಎರಡೂ ಆಗುತ್ತದೆ. ಈ ಲೆಕ್ಕ ತಪ್ಪಿಸಿ ಮಟಮಟ ಮಧ್ಯಾಹ್ನ ಕೋಟೆ ಹತ್ತಿದವರು ಅರ್ಧಕ್ಕೇ ಇಳಿದು ಬಂದು ‘ಬರೀ ಬಂಡೆ ಸಾರ್’ ಎನ್ನುವುದನ್ನು ಕೇಳಿದ್ದೇನೆ. ಅದು ಬಂಡೆಯ ತಪ್ಪಲ್ಲ.

ಸಂಜೆ ಮೂರು ಗಂಟೆ ಮಾತ್ರ ಉಳಿದಿದ್ದರೆ ಹರಿಹರ

ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರ್. ಬಸ್ಸಿಗೆ ಕಾಯುವ ಮಾತೇ ಇಲ್ಲ, ಒಂದು ಹೋದರೆ ಇನ್ನೊಂದು ಬರುತ್ತದೆ. ನಾಲ್ಕು ಗಂಟೆಗೆ ಮೀಟಿಂಗ್ ಮುಗಿಸಿ ಹೊರಟರೂ ಹೊತ್ತು ಮುಳುಗುವ ಮೊದಲು ಗುಡಿ ನೋಡಿ, ತುಂಗಭದ್ರೆಯ ದಡದಲ್ಲಿ ಸ್ವಲ್ಪ ಹೊತ್ತು ಕೂತು, ರಾತ್ರಿ ಊಟಕ್ಕೆ ವಾಪಸ್ ಬರಬಹುದು. ಮಧ್ಯಾಹ್ನ ಗರ್ಭಗುಡಿಯ ಬಾಗಿಲು ಹಾಕಿರುತ್ತದೆ, ಆದ್ದರಿಂದಲೂ ಸಂಜೆಯೇ ವಾಸಿ.

ಹರಿಹರೇಶ್ವರ ದೇವಸ್ಥಾನವನ್ನು 1223–24ರಲ್ಲಿ ಕಟ್ಟಿಸಿದವನು ಹೊಯ್ಸಳ ದೊರೆ ಎರಡನೇ ವೀರ ನರಸಿಂಹನ ದಂಡನಾಯಕ ಪೋಲಾಳ್ವ. 1268ರಲ್ಲಿ ಮೂರನೇ ನರಸಿಂಹನ ದಂಡನಾಯಕ ಸೋಮ ಇನ್ನಷ್ಟು ಕಟ್ಟಿಸಿದ. ಒಳಗಿರುವ ಮೂರ್ತಿಯ ಬಲಭಾಗ ಶಿವ, ಎಡಭಾಗ ವಿಷ್ಣು. ಹರಿಯಿಂದಲೂ ಹರನಿಂದಲೂ ಸಾವಿಲ್ಲವೆಂದು ವರ ಪಡೆದಿದ್ದ ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದೇ ದೇಹವಾಗಿ ಬಂದರೆಂದು ಸ್ಥಳಪುರಾಣ. ಪೂಜೆಯ ಅಲಂಕಾರದಲ್ಲಿ ಎರಡು ಭಾಗದ ವ್ಯತ್ಯಾಸ ಎಷ್ಟೋ ಸಲ ಮುಚ್ಚಿಹೋಗಿರುತ್ತದೆ. ಅರ್ಚಕರನ್ನು ವಿನಯವಾಗಿ ಕೇಳಿದರೆ ಆರತಿಯ ಬೆಳಕಿನಲ್ಲಿ ತೋರಿಸಿ ವಿವರಿಸುತ್ತಾರೆ.

ಬೇಲೂರು, ಹಳೇಬೀಡು ನೋಡಿದ ಕಣ್ಣಿನಲ್ಲಿ ಇಲ್ಲಿಗೆ ಬರಬೇಡಿ. ಹೊರಗೋಡೆಯ ತುಂಬ ಶಿಲ್ಪಗಳ ಸಾಲು ಇಲ್ಲಿಲ್ಲ, ಮೇಲಿನ ಹಳೆಯ ಶಿಖರ ಬಿದ್ದುಹೋಗಿ ಇಟ್ಟಿಗೆ ಗಾರೆಯದನ್ನು ಕಟ್ಟಿ ಸುಣ್ಣ ಬಳಿದಿದ್ದಾರೆ. ಇಲ್ಲಿನ ಸೊಗಸೆಲ್ಲ ಮುಂದಿನ ತೆರೆದ ಮಂಟಪದ ಕಂಬಗಳಲ್ಲಿದೆ. ಬಳಪದ ಕಲ್ಲನ್ನು ಚರಕಿಗೆ ಹಿಡಿದು ತಿರುಗಿಸಿ ಮಾಡಿದ ಕಂಬಗಳು. ಒಂದರ ಪಕ್ಕ ನಿಂತು ಬೆಳಕಿನ ಕಡೆಗೆ ವಾರೆಯಾಗಿ ನೋಡಿ: ಮೇಲಿಂದ ಕೆಳಗಿನವರೆಗೆ ಸುತ್ತು ಸುತ್ತಾಗಿ ಇಳಿದ ಗೆರೆಗಳು ಕಾಣುತ್ತವೆ, ಕೈಯಾಡಿಸಿದರೆ ನುಣುಪು ತಿಳಿಯುತ್ತದೆ. ಎಂಟುನೂರು ವರ್ಷ ಜನ ಒರಗಿ ಕೂತ ಕಂಬಗಳಿವು, ಈಗಲೂ ಮಧ್ಯಾಹ್ನದ ಹೊತ್ತು ಊರಿನ ಹಿರಿಯರು ಒರಗಿ ಕೂರುತ್ತಾರೆ. ಅಂಗಳದಲ್ಲಿ ನಿಲ್ಲಿಸಿರುವ 13ನೇ ಶತಮಾನದ ಶಾಸನಗಳನ್ನು ಬಿಟ್ಟು ಬರಬೇಡಿ. ಅಕ್ಷರ ಓದಲು ಬಾರದಿದ್ದರೂ ಸಾಲು ಎಷ್ಟು ನೇರವಾಗಿ ಕೆತ್ತಿದ್ದಾರೆಂದು ನೋಡಿದರೆ ಸಾಕು.

ಮಳೆಗಾಲದಲ್ಲಿ ಹೊಳೆ ತುಂಬಿ ಹರಿಯುವಾಗ ಹರಿಹರಕ್ಕೆ ಇನ್ನೊಂದು ಕಳೆ. ಬೇಸಿಗೆಯಲ್ಲಿ ಬರೀ ಮರಳು, ಬಂಡೆ. ಏಪ್ರಿಲ್‌ನಲ್ಲಿ ಬಂದವರು ಹೊಳೆಗಾಗಿ ಹೋಗುವುದು ಬೇಡ, ಗುಡಿಗಾಗಿ ಹೋಗಿ.

ಅರ್ಧ ದಿನ ಇದ್ದು, ಗಾಡಿಯೂ ಸಿಕ್ಕರೆ ಸಂತೇಬೆನ್ನೂರು

ಯಾರಾದರೂ ನನ್ನನ್ನು ಕೇಳಿ, ಒಂದೇ ಜಾಗ ಹೇಳಬೇಕೆಂದರೆ ಸಂತೇಬೆನ್ನೂರನ್ನೇ ಹೇಳುತ್ತೇನೆ. ಕೋಟೆ ದೊಡ್ಡದು, ಹೆಸರೂ ದೊಡ್ಡದು, ಒಪ್ಪುತ್ತೇನೆ. ಆದರೆ ಆಫೀಸಿನ ಶೂ ಹಾಕಿಕೊಂಡು, ತಲೆಯಲ್ಲಿ ಇನ್ನೂ ಕೆಲಸದ ಲೆಕ್ಕ ಓಡುತ್ತಿರುವ ಮನುಷ್ಯನಿಗೆ ಸಂತೇಬೆನ್ನೂರು ಕೊಡುವ ನೆಮ್ಮದಿಯನ್ನು ಕೋಟೆ ಕೊಡಲಾರದು. ಇಲ್ಲಿ ಹತ್ತುವುದಿಲ್ಲ, ಓಡಾಡುವುದೂ ಹೆಚ್ಚಿಲ್ಲ. ಮೆಟ್ಟಿಲ ಮೇಲೆ ಕೂತರೆ ಎಲ್ಲವೂ ಎದುರಿಗೇ ಇದೆ.

ದಾವಣಗೆರೆಯಿಂದ ಚನ್ನಗಿರಿ ದಾರಿಯಲ್ಲಿ, ಅಡಿಕೆ ತೋಟಗಳ ನಡುವೆ, ಕಾರಿನಲ್ಲಿ ಒಂದು ಗಂಟೆಯೊಳಗಿನ ಹಾದಿ. ಊರೊಳಗೆ ಹೊಕ್ಕ ಮೇಲೆ ಇಂಥದ್ದೊಂದು ಇಲ್ಲಿರಬಹುದೆಂದು ಅನಿಸುವುದೇ ಇಲ್ಲ. ಮನೆಗಳ ಸಾಲು ಮುಗಿದ ಕೂಡಲೇ ಚೌಕಾಕಾರದ ದೊಡ್ಡ ಹೊಂಡ, ನಾಲ್ಕೂ ಕಡೆಯಿಂದ ನೀರಿಗಿಳಿಯುವ ಕಲ್ಲಿನ ಮೆಟ್ಟಿಲು, ನಟ್ಟನಡುವೆ ನೀರಿನಲ್ಲಿ ನಿಂತ ವಸಂತ ಮಂಟಪ. ಕಟ್ಟಿಸಿದವನು 16ನೇ ಶತಮಾನದ ಪಾಳೆಯಗಾರ ಕೆಂಗ ಹನುಮಂತ ನಾಯಕ. ಅವನದು ಮುಂದೆ ತರೀಕೆರೆಯಲ್ಲಿ ನೆಲೆನಿಂತ ಮನೆತನ. ಹೊಂಡದ ಸುತ್ತ ಎಂಟು ದಿಕ್ಕಿಗೆ ಎಂಟು ಮಂಟಪಗಳಿದ್ದವು, ಈಗ ಉಳಿದಿರುವುದು ಆರು.

ವಸಂತ ಮಂಟಪವನ್ನು ಗಮನವಿಟ್ಟು ನೋಡಿ. ಕೆಳಗೆ ಕಲ್ಲಿನ ಕಟ್ಟಡ, ಅದರ ಮೇಲೆ ಅಂತಸ್ತಿನ ಮೇಲೆ ಅಂತಸ್ತಾಗಿ ಸಣ್ಣದಾಗುತ್ತ ಹೋಗುವ ಗಾರೆಯ ಗೋಪುರ, ಕಮಾನುಗಳು, ಮೂಲೆಗಳಲ್ಲಿ ಪುಟ್ಟ ಪುಟ್ಟ ಶಿಖರಗಳು. ದೇವಸ್ಥಾನದ ಗೋಪುರವೂ ಹೌದು, ಅರಮನೆಯ ಮಹಡಿಯೂ ಹೌದು ಎನ್ನುವಂತಿದೆ. ಗಾಳಿ ನಿಂತ ಹೊತ್ತಿನಲ್ಲಿ ಅದು ನೀರಿನಲ್ಲಿ ತಲೆಕೆಳಗಾಗಿ ಪೂರ್ತಿ ಮೂಡುತ್ತದೆ. ಬೆಳಗ್ಗೆ ಒಂಬತ್ತರ ಒಳಗೆ, ಸಂಜೆ ಐದರ ಮೇಲೆ ಗಾಳಿ ಕಡಿಮೆ. ಫೋಟೊ ತೆಗೆಯುವವರು ಆ ಹೊತ್ತು ನೋಡಿಕೊಳ್ಳಿ.

ಹೊಂಡದ ಪಕ್ಕದಲ್ಲೇ ಉದ್ದನೆಯ, ಗಂಭೀರವಾದ ಕಲ್ಲಿನ ಕಟ್ಟಡವಿದೆ. ಅದು ಮುಸಾಫಿರ್‌ಖಾನೆ, ಎಂದರೆ ಪ್ರಯಾಣಿಕರು ತಂಗುವ ಮನೆ. 17ನೇ ಶತಮಾನದಲ್ಲಿ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ಈ ಊರನ್ನು ಗೆದ್ದುಕೊಂಡಾಗ ಕಟ್ಟಿಸಿದ್ದು. ಅದು ನಿಂತ ಜಾಗದಲ್ಲಿ ಮೊದಲು ರಂಗನಾಥನ ಗುಡಿಯಿತ್ತೆಂದು ಹೇಳುತ್ತಾರೆ. ಗೆದ್ದವರು, ಸೋತವರು, ಮತ್ತೆ ಗೆದ್ದವರು ಎಲ್ಲರ ಕಥೆಯೂ ಒಂದೇ ಆವರಣದಲ್ಲಿದೆ. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವುದರಿಂದ ಹುಲ್ಲುಹಾಸು, ಬೇಲಿ ಎಲ್ಲ ಅಚ್ಚುಕಟ್ಟಾಗಿದೆ. ರಜೆ ದಿನ ಬಿಟ್ಟರೆ ಜನ ಕಡಿಮೆ. ಕೆಲಸದ ಮೇಲೆ ಬರುವವರು ಹೇಗೂ ವಾರದ ನಡುವೆಯೇ ಬರುವುದರಿಂದ ಆ ಲಾಭ ನಿಮ್ಮದೇ.

ಇನ್ನೂ ಒಂದೂವರೆ ಗಂಟೆ ಕೈಯಲ್ಲಿದ್ದರೆ ಅಲ್ಲಿಂದ ಸೂಳೆಕೆರೆಗೆ ಹೋಗಿ. ಸರ್ಕಾರಿ ಕಾಗದದಲ್ಲಿ ಅದು ಶಾಂತಿಸಾಗರ. ಎರಡು ಗುಡ್ಡಗಳ ನಡುವಿನ ಕಿರಿದಾದ ಸಂದಿಗೆ ಏರಿ ಹಾಕಿ ನೀರು ನಿಲ್ಲಿಸಿದ್ದಾರೆ. ಅಷ್ಟು ಸಣ್ಣ ಏರಿ, ಹಿಂದೆ ಕಣ್ಣಿಗೆ ನಿಲುಕದಷ್ಟು ನೀರು. ಸಿದ್ಧನಾಲೆ, ಬಸವನಾಲೆ ಎಂಬ ಎರಡು ನಾಲೆಗಳಿಂದ ಇಂದಿಗೂ ಗದ್ದೆ ತೋಟಗಳಿಗೆ ನೀರು ಹೋಗುತ್ತದೆ. ರಾಜಕುಮಾರಿ ಶಾಂತವ್ವ ಕಟ್ಟಿಸಿದಳೆಂದೂ, ಜಾಗ ಬಿಟ್ಟುಕೊಟ್ಟ ಸೂಳೆಯರು ತಮ್ಮ ಹೆಸರೇ ಇರಬೇಕೆಂದು ಕೇಳಿ ಪಡೆದರೆಂದೂ ಜನರ ಬಾಯಲ್ಲಿರುವ ಕಥೆ. ಇಲ್ಲಿಂದ ಹೊರಟ ಹರಿದ್ರಾ ಹಳ್ಳ ಹರಿಹರದಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಕೆರೆ ತುಂಬಿದ ವರ್ಷ ಖಂಡಿತ ಹೋಗಿ. ಬರಗಾಲದ ವರ್ಷ ಸಂತೇಬೆನ್ನೂರಿಗೇ ನಿಲ್ಲಿಸಿ.

ಬಸ್ಸಿನಲ್ಲಿ ಹೋಗುವವರಿಗೆ ಎಚ್ಚರಿಕೆ: ಸಂತೇಬೆನ್ನೂರಿಗೆ ಬಸ್ಸುಗಳಿವೆ, ಆದರೆ ಹರಿಹರದ ಹಾಗೆ ಐದು ನಿಮಿಷಕ್ಕೊಂದಲ್ಲ. ಇಳಿದ ಕೂಡಲೇ ವಾಪಸ್ ಬಸ್ಸು ಎಷ್ಟೊತ್ತಿಗೆ ಎಂದು ನಿಲ್ದಾಣದ ಅಂಗಡಿಯಲ್ಲಿ ಕೇಳಿಟ್ಟುಕೊಳ್ಳಿ. ಸೂಳೆಕೆರೆ ಸೇರಿಸಬೇಕೆಂದರೆ ಬಾಡಿಗೆ ಕಾರೇ ಆಗಬೇಕು.

ಬೆಳಗ್ಗೆ ಪೂರ್ತಿ ಬಿಡುವಿದ್ದರೆ, ಅಥವಾ ಬೆಂಗಳೂರಿಗೆ ರಸ್ತೆಯಲ್ಲಿ ವಾಪಸ್ಸಾದರೆ ದುರ್ಗ

ಚಿತ್ರದುರ್ಗ ಇಲ್ಲಿಂದ ಸುಮಾರು 60 ಕಿಲೋಮೀಟರ್, ರಾಷ್ಟ್ರೀಯ ಹೆದ್ದಾರಿ 48ರಲ್ಲೇ. ಬೆಂಗಳೂರಿಗೆ ಕಾರಿನಲ್ಲೋ ಬಸ್ಸಿನಲ್ಲೋ ಹೋಗುವವರಿಗೆ ಅದು ದಾರಿಯ ಮೇಲಿನ ಊರು. ಆದ್ದರಿಂದ ‘ಕೋಟೆಗೆ ಹೋಗಿ ದಾವಣಗೆರೆಗೆ ವಾಪಸ್ ಬರುವ’ ಯೋಜನೆ ಬಿಡಿ. ಹೊರಡುವ ದಿನ ಬೆಳಗ್ಗೆ ಐದೂವರೆಗೆ ಲಾಡ್ಜ್ ಖಾಲಿ ಮಾಡಿ, ಏಳರ ಹೊತ್ತಿಗೆ ಕೋಟೆಯ ಬಾಗಿಲಲ್ಲಿರಿ. ಹನ್ನೊಂದಕ್ಕೆ ಇಳಿದರೆ ಸಂಜೆಯೊಳಗೆ ಬೆಂಗಳೂರು. ರೈಲಿನ ಯೋಚನೆ ಬೇಡ. ದಾವಣಗೆರೆ–ಬೆಂಗಳೂರು ಮುಖ್ಯ ಮಾರ್ಗ ದುರ್ಗವನ್ನು ಮುಟ್ಟುವುದಿಲ್ಲ, ಚಿಕ್ಕಜಾಜೂರಿನಲ್ಲಿ ಕವಲೊಡೆದು ಹೋಗಬೇಕು.

ಏಳು ಸುತ್ತಿನ ಕೋಟೆಯಿದು. ನಾಯಕರಲ್ಲಿ ಕೊನೆಯವನು ಮದಕರಿ. 1754ರಿಂದ 1779ರವರೆಗೆ ಆಳಿದ. ಹೈದರಾಲಿ ಮತ್ತೆ ಮತ್ತೆ ಮುತ್ತಿಗೆ ಹಾಕಿ ಕೊನೆಗೆ 1779ರಲ್ಲಿ ಹಿಡಿದ. ಯಾಕೆ ಅಷ್ಟು ಸಲ ಬೇಕಾಯಿತು ಎಂಬುದು ಮೊದಲ ಎರಡು ಬಾಗಿಲು ದಾಟುವಾಗಲೇ ಅರ್ಥವಾಗುತ್ತದೆ. ದಾರಿ ನೇರವಾಗಿ ಹೋಗುವುದೇ ಇಲ್ಲ. ಹಾವಿನಂತೆ ಹೊರಳಿ ಹೊರಳಿ, ಪ್ರತಿ ತಿರುವಿನಲ್ಲೂ ಎತ್ತರದ ಗೋಡೆಗೆ ಎದೆಯೊಡ್ಡಿ ನಿಲ್ಲಿಸುತ್ತದೆ. ಬಾಗಿಲು ಮುರಿಯಲು ಆನೆ ತಂದರೆ ಅದಕ್ಕೆ ಓಡಿ ಬರಲು ಜಾಗವೇ ಇಲ್ಲ. ಮೇಲೆ ಬತ್ತೇರಿ ಎಂಬ ಕಾವಲು ಬುರುಜಿನಲ್ಲಿರುವವನಿಗೆ ಕೆಳಗಿನವನ ಬೆನ್ನು ಯಾವಾಗಲೂ ಕಾಣುತ್ತಿರುತ್ತದೆ.

ಎಲ್ಲರೂ ಓಬವ್ವನ ಕಿಂಡಿಗೆ ಓಡುತ್ತಾರೆ. ಓಡಲೇಬೇಕಾದ ಜಾಗವೇ. ಕಾವಲುಗಾರ ಕಹಳೆ ಮುದ್ದ ಹನುಮಪ್ಪ ಊಟಕ್ಕೆ ಬಂದಿದ್ದಾಗ, ನೀರಿಗೆ ಹೋದ ಅವನ ಹೆಂಡತಿ ಓಬವ್ವ ಈ ಸಂದಿಯಲ್ಲಿ ಒಬ್ಬೊಬ್ಬರೇ ನುಸುಳುತ್ತಿದ್ದ ಹೈದರನ ಸೈನಿಕರನ್ನು ಒನಕೆಯಿಂದ ಬಡಿದಳು. ಕಥೆ ಎಲ್ಲರಿಗೂ ಗೊತ್ತು. ಆದರೆ ಕಿಂಡಿಯ ಹತ್ತಿರ ಬಗ್ಗಿ ನಿಂತಾಗ ಒಂದು ವಿಷಯ ಮೈಗೆ ತಿಳಿಯುತ್ತದೆ: ಒಳಬರುವವನು ಮೊದಲು ತಲೆಯನ್ನೇ ಒಳಗಿಡಬೇಕು, ಕೈ ಹಿಂದೆ ಉಳಿದಿರುತ್ತದೆ, ಕತ್ತಿ ಎತ್ತಲು ಜಾಗವಿಲ್ಲ. ಒಬ್ಬ ಹೆಂಗಸು ಒಂದು ಒನಕೆಯಿಂದ ಸೈನ್ಯವನ್ನು ತಡೆದಳೆಂಬುದು ಅಲ್ಲಿ ನಿಂತವರಿಗೆ ಉತ್ಪ್ರೇಕ್ಷೆ ಎನಿಸುವುದಿಲ್ಲ.

ಕಿಂಡಿ ನೋಡಿ ಇಳಿದುಬಿಡಬೇಡಿ. ಸಿಡಿಮದ್ದು ಬೀಸುವ ಜಾಗದಲ್ಲಿ ಗುಂಡಿಯೊಳಗೆ ಆಳೆತ್ತರದ ಬೀಸುಕಲ್ಲುಗಳಿವೆ, ಎಂಜಿನಿಯರುಗಳು ಅಲ್ಲಿ ತುಂಬ ಹೊತ್ತು ನಿಲ್ಲುತ್ತಾರೆ. ಹಿಡಿಂಬೇಶ್ವರ, ಸಂಪಿಗೆ ಸಿದ್ದೇಶ್ವರ, ಏಕನಾಥೇಶ್ವರಿ ಗುಡಿಗಳಿವೆ. ಆದರೆ ನನ್ನ ಕಣ್ಣಿಗೆ ಕೋಟೆಯ ನಿಜವಾದ ಜಾಣತನ ಇರುವುದು ನೀರಿನಲ್ಲಿ. ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿಯರ ಹೊಂಡ, ಕೆಳಗೆ ಊರಿನ ಸಂತೆಹೊಂಡ: ಮೇಲೆ ಬಿದ್ದ ಮಳೆ ಒಂದು ತುಂಬಿ ಇನ್ನೊಂದಕ್ಕೆ ಇಳಿಯುವ ಹಾಗೆ ಜೋಡಿಸಿದ್ದಾರೆ. ಹೊಳೆಯಿಲ್ಲದ, ಮಳೆ ಕಡಿಮೆಯಿರುವ ಈ ಬಂಡೆಗಳ ಮೇಲೆ ಒಂದು ರಾಜಧಾನಿ ಉಳಿದದ್ದು ಇದರಿಂದ. ಮುತ್ತಿಗೆ ತಿಂಗಳುಗಟ್ಟಲೆ ನಡೆದರೂ ಒಳಗಿನವರು ಬಾಯಾರಿ ಬಾಗಿಲು ತೆರೆಯಲಿಲ್ಲ.

ಕೋಟೆಗೆ ಕನಿಷ್ಠ ಮೂರೂವರೆ ಗಂಟೆ ಇಡಿ. ಅಷ್ಟು ಇಲ್ಲವೆಂದರೆ ಹೋಗಲೇಬೇಡಿ, ಆ ಹೊತ್ತನ್ನು ಚಂದ್ರವಳ್ಳಿಗೆ ಕೊಡಿ. ತುಪ್ಪದ ಕೊಳದ ಬತ್ತೇರಿಗೆ ಬಂಡೆಯಲ್ಲಿ ಕೆತ್ತಿದ ಕಾಲುಗುಳಿಗಳ ಮೇಲೆ ಹತ್ತಬೇಕು. ಚರ್ಮದ ಅಟ್ಟೆಯ ಆಫೀಸ್ ಶೂನಲ್ಲಿ ಅದು ಬೇಡ, ಮಳೆ ಬಂದ ದಿನ ಯಾವ ಶೂನಲ್ಲೂ ಬೇಡ. ಬಾಗಿಲ ಬಳಿ ಗೈಡ್‌ಗಳು ಸಿಗುತ್ತಾರೆ. ಹಣ ಮೊದಲೇ ಮಾತಾಡಿಕೊಂಡು ಒಬ್ಬರನ್ನು ಕರೆದುಕೊಳ್ಳಿ. ಅವರಿಲ್ಲದೆ ಅರ್ಧದಷ್ಟು ಕಾಣುವುದೇ ಇಲ್ಲ. ಒಬ್ಬೊಬ್ಬರಿಗೆ ಎರಡು ಬಾಟಲಿ ನೀರು ಇರಲಿ, ತಿಂಡಿ ಕೈಯಲ್ಲಿ ಹಿಡಿದು ನಡೆಯಬೇಡಿ, ಕೋತಿಗಳು ಕಿತ್ತುಕೊಳ್ಳುತ್ತವೆ.

ಚಂದ್ರವಳ್ಳಿ ಕೋಟೆಯ ಬೆನ್ನಿಗೇ ಇದೆ. ಚಿತ್ರದುರ್ಗ, ಕಿರುಬನಕಲ್ಲು, ಚೋಳಗುಡ್ಡ ಎಂಬ ಮೂರು ಬೆಟ್ಟಗಳ ನಡುವೆ ಕೆರೆ, ದಡದಲ್ಲಿ ಭೈರವೇಶ್ವರನ ಗುಡಿ, ಗುಡಿಯ ಬಳಿಯ ಬಂಡೆಯಲ್ಲಿ ಕದಂಬ ಮಯೂರಶರ್ಮ ಕೆರೆ ಕಟ್ಟಿಸಿದ್ದನ್ನು ಹೇಳುವ ಶಾಸನ. ಇಲ್ಲಿ ಅಗೆದಾಗ ಶಾತವಾಹನರ ನಾಣ್ಯಗಳ ಜೊತೆ ರೋಮನ್ ನಾಣ್ಯಗಳೂ ಸಿಕ್ಕಿವೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಇಲ್ಲಿ ಉತ್ಖನನ ನಡೆಸಿದರು. ಎರಡು ಸಾವಿರ ವರ್ಷದ ಹಿಂದೆಯೇ ಇದು ದೂರದೂರದ ವ್ಯಾಪಾರ ಬಂದು ಮುಟ್ಟುತ್ತಿದ್ದ ನೆಲ ಎಂದಾಯಿತು. ಅಂಕಲಿ ಮಠದ ಗುಹೆಗಳು ಇಲ್ಲಿನ ಇನ್ನೊಂದು ಆಕರ್ಷಣೆ. ಒಳಗೆ ಕಗ್ಗತ್ತಲು, ಕೋಣೆಯೊಳಗೆ ಕೋಣೆ, ಟಾರ್ಚೂ ಬೇಕು, ದಾರಿ ಬಲ್ಲವರೂ ಬೇಕು. ಕತ್ತಲೆ, ಇಕ್ಕಟ್ಟು ಆಗದವರು ಹೊರಗೆ ಕೆರೆಯ ಬಳಿಯೇ ಇರಿ. ಮಂಡಿ ನೋವಿರುವವರಿಗೆ, ಜೊತೆಯಲ್ಲಿ ವಯಸ್ಸಾದವರಿದ್ದರೆ, ಕೋಟೆಗಿಂತ ಚಂದ್ರವಳ್ಳಿಯೇ ಸರಿ.

ಊರು ಬಿಟ್ಟು ಹೋಗಲು ಆಗದಿದ್ದರೆ

ಎರಡೇ ಗಂಟೆ ಇದ್ದರೆ ಕುಂದವಾಡ ಕೆರೆ ಏರಿಯ ಮೇಲೆ ನಡೆಯಿರಿ, ಪಕ್ಕದಲ್ಲಿ ಗಾಜಿನ ಮನೆ ಇದೆ. ಸಂಜೆ ಊರಿನವರೆಲ್ಲ ವಾಕಿಂಗಿಗೆ ಬರುವ ಜಾಗ. ಮಕ್ಕಳು ಜೊತೆಗಿದ್ದರೆ ಹೆದ್ದಾರಿಯಲ್ಲಿ ಆನಗೋಡಿನ ಕಿರು ಮೃಗಾಲಯ. ಇವೆರಡೂ ಚೆನ್ನಾಗಿವೆ, ಆದರೆ ಇವುಗಳಿಗಾಗಿ ಹರಿಹರ ಬಿಡಬೇಡಿ.

ಬೆಣ್ಣೆ ದೋಸೆಯ ವಿಷಯದಲ್ಲೂ ಹೊತ್ತಿನ ಮಾತೇ. ರಾತ್ರಿ ಊಟದ ಬದಲು ತಿನ್ನುವುದಕ್ಕಿಂತ ಬೆಳಗ್ಗೆ ಹೋಗಿ. ಹಳೆಯ ಹೋಟೆಲುಗಳಲ್ಲಿ ಹಂಚು ಬೆಳಗ್ಗೆ ಚೆನ್ನಾಗಿ ಕಾದಿರುತ್ತದೆ. ಹಿಟ್ಟಿಗೆ ಮಂಡಕ್ಕಿ ಸೇರಿಸಿ ರುಬ್ಬಿರುವುದರಿಂದ ಅಂಚು ಗರಿಗರಿ, ನಡುವೆ ಮೆತ್ತಗೆ. ಮೇಲೊಂದು ಉಂಡೆ ಬೆಣ್ಣೆ, ಅರಿಶಿನ ಹಾಕದ ಬಿಳಿ ಆಲೂಗಡ್ಡೆ ಪಲ್ಯ, ತೆಳ್ಳಗಿನ ಕಾಯಿ ಚಟ್ನಿ. ಪಲ್ಯ ಬೇಡದವರು ಖಾಲಿ ದೋಸೆ ಎಂದು ಕೇಳಿ. ಸಂಜೆಗೆ ಮಂಡಕ್ಕಿ, ಮೆಣಸಿನಕಾಯಿ ಇದ್ದೇ ಇದೆ.

ಇನ್ನೂ ಒಂದು ದಿನ ಕೂಡಿಬಂದರೆ

ಕಾರಿನಲ್ಲಿ ಬೆಂಗಳೂರಿಗೆ ಹೋಗುವವರು ಹಿರಿಯೂರಿನ ಹತ್ತಿರ ವಾಣಿವಿಲಾಸ ಸಾಗರಕ್ಕೆ ತಿರುಗಬಹುದು. ನಮ್ಮ ಜನ ಅದನ್ನು ಮಾರಿಕಣಿವೆ ಎನ್ನುತ್ತಾರೆ. 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿದ ಅಣೆಕಟ್ಟು, ವೇದಾವತಿ ನದಿಗೆ ಅಡ್ಡಲಾಗಿ. 1933ರಲ್ಲಿ ಕೋಡಿ ಬಿದ್ದಿದ್ದು ಮತ್ತೆ ಬಿದ್ದದ್ದು 2022ರಲ್ಲಿ. ಆ ದಿನಗಳಲ್ಲಿ ಕೋಡಿ ನೋಡಲು ಜಿಲ್ಲೆಗೆ ಜಿಲ್ಲೆಯೇ ಹೋಗಿತ್ತು. ಕೋಟೆ ಮತ್ತು ಮಾರಿಕಣಿವೆ ಎರಡನ್ನೂ ಒಂದೇ ದಿನಕ್ಕೆ ತುರುಕಿದರೆ ಕೋಟೆಯ ಹೊತ್ತು ಕಡಿತವಾಗುತ್ತದೆ, ಅದಕ್ಕೆ ನಾನು ಒಪ್ಪುವುದಿಲ್ಲ. ಕಲ್ಲು, ಭೂಮಿ ಎಂದರೆ ಆಸಕ್ತಿ ಇರುವವರಿಗೆ ಮಾತ್ರ ಮರಡಿಹಳ್ಳಿ. ನೀರಿನೊಳಗೆ ಉಕ್ಕಿದ ಲಾವಾ ದಿಂಬು ದಿಂಬಾಗಿ ಗಟ್ಟಿಯಾದ ಬಂಡೆಗಳು ಅಲ್ಲಿವೆ, ವಯಸ್ಸು ಸುಮಾರು 250 ಕೋಟಿ ವರ್ಷ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದ್ದಾರೆ. ಅದೂ ದುರ್ಗದಿಂದ ಹಿರಿಯೂರಿನ ಕಡೆಗೇ ಇದೆ.

ಚಳ್ಳಕೆರೆಯ ಕುದಾಪುರಕ್ಕೆ ಸಂಶೋಧನಾ ಸಂಸ್ಥೆಗಳ ಕೆಲಸದ ಮೇಲೆ ಬರುವವರ ಲೆಕ್ಕ ಬೇರೆ. ಅವರು ದಾವಣಗೆರೆಯ ಕಡೆ ನೋಡುವುದಕ್ಕಿಂತ ಮೊಳಕಾಲ್ಮುರು ತಾಲೂಕಿನ ಬ್ರಹ್ಮಗಿರಿಗೆ ಹೋಗಲಿ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅಲ್ಲಿ ಅಶೋಕನ ಶಾಸನ ಪತ್ತೆ ಮಾಡಿದರು. ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಕಳಿಸಿದ ಆಜ್ಞೆ ಅದು. ಬರೆದವನ ಹೆಸರು ಚಪಡ. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೂ ಕೊನೆಯಲ್ಲಿ ‘ಲಿಪಿಕಾರ’ ಎಂಬುದನ್ನು ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಎಲ್ಲಿಂದಲೋ ಸರ್ಕಾರಿ ಕೆಲಸದ ಮೇಲೆ ಇಷ್ಟು ದೂರ ಬಂದ ಮನುಷ್ಯ. ವಾಪಸ್ ಬರುವಾಗ ಸಮಯವಿದ್ದರೆ ಮೊಳಕಾಲ್ಮುರಿನಲ್ಲಿ ನೇಯುವವರ ಮನೆಗೇ ಹೋಗಿ ರೇಷ್ಮೆ ಸೀರೆ ನೋಡಿ. ಅಲ್ಲಿ ಹೋಟೆಲುಗಳು ಕಡಿಮೆ, ಚಳ್ಳಕೆರೆಯಲ್ಲೇ ಊಟ ಮುಗಿಸಿಕೊಂಡು ಹೊರಡಿ.